‘ಆದ್ದರಿಂದ’ ಕಳೆದುಕೊಂಡ ಒಂಬತ್ತು ನಿರ್ಣಯಗಳು

ನನಗೊಂದು ದೌರ್ಬಲ್ಯವಿದೆ. ಯಾವುದನ್ನೂ ಕೊನೆಯವರೆಗೆ ಓದುವುದಿಲ್ಲ, ಯಾರ ಮಾತನ್ನೂ ಕೊನೆಯವರೆಗೆ ಕೇಳುವುದಿಲ್ಲ. ಬಸ್ಸು ಓಡಿಸುವವರಿಗೆ ಸೊಂಟನೋವು, ಮೇಷ್ಟ್ರುಗಳಿಗೆ ಗಂಟಲುನೋವು ಬರುವ ಹಾಗೆ ಪತ್ರಿಕೆಯಲ್ಲಿ ದುಡಿದವರಿಗೆ ಬರುವ ಕಾಯಿಲೆ ಇದು. ನಾನು ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹತ್ತು ವರ್ಷ, ಆಮೇಲೆ ಅದೇ ಪತ್ರಿಕೆಗೆ ಹುಣಸೂರಿನ ವರದಿಗಾರನಾಗಿ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಡೆಸ್ಕಿಗೆ ಸೇರಿದ ಮೊದಲ ದಿನವೇ ಮುಖ್ಯ ಉಪಸಂಪಾದಕರು ಕೆಂಪು ಪೆನ್ನು ಕೊಟ್ಟು ಹೇಳಿದ ಮಾತು ಇಷ್ಟೇ: ‘ಜಾಗ ಸಾಲದಿದ್ದರೆ ಬಾಲ ಕತ್ತರಿಸು. ತಲೆ ಮುಟ್ಟಬೇಡ.’ ಸುದ್ದಿಯ ಸತ್ವ ಮೊದಲ ಪ್ಯಾರಾದಲ್ಲಿರುತ್ತದೆ, ಕೊನೆಯ ಪ್ಯಾರಾದಲ್ಲಿ ‘ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು’ ಎಂದಿರುತ್ತದೆ ಎನ್ನುವುದು ನಮ್ಮ ವೃತ್ತಿಯ ನಂಬಿಕೆ. ಆ ಪ್ರಕಾರ ಮೂವತ್ತು ವರ್ಷಗಳಲ್ಲಿ ನಾನು ಎಷ್ಟು ಜನ ವಂದಿಸಿದವರನ್ನು ಕತ್ತರಿಸಿ ಹಾಕಿದ್ದೇನೋ ಲೆಕ್ಕವಿಲ್ಲ. ಹುಣಸೂರಿನ ಸಂತೆಯಲ್ಲಿ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ವಂದಿಸುವುದಿಲ್ಲ.

ಪತ್ರಿಕೆ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಮದುವೆಯ ಆಮಂತ್ರಣ ಬಂದರೆ ವಧೂವರರ ಹೆಸರು ನೋಡಿ ಮಡಚಿಡುತ್ತೇನೆ. ಸ್ಥಳ ಯಾವಾಗಲೂ ಕೆಳಗಿರುತ್ತದೆ. ಒಮ್ಮೆ ಕೃಷ್ಣರಾಜನಗರದಲ್ಲಿ ಹಿಂದಿನ ವರ್ಷ ಹೋಗಿದ್ದ ಛತ್ರಕ್ಕೇ ಹೋಗಿ, ಗೊತ್ತಿಲ್ಲದ ವಧೂವರರಿಗೆ ಅಕ್ಷತೆ ಹಾಕಿ, ಎರಡು ಸಲ ಪಾಯಸ ಹಾಕಿಸಿಕೊಂಡು ಬಂದೆ. ನನ್ನ ಹೆಂಡತಿ ಗಿರಿಜೆಯ ಮಾತಿನ ಕ್ರಮವಂತೂ ನನ್ನ ವೃತ್ತಿಧರ್ಮಕ್ಕೆ ತೀರ ವಿರುದ್ಧ. ಅವಳಲ್ಲಿ ಸತ್ವ ಕೊನೆಯಲ್ಲಿರುತ್ತದೆ. ಒಂದು ದಿನ ಪಕ್ಕದ ಮನೆಯವರ ಹುಣಸೆಹಣ್ಣಿನಿಂದ ಶುರು ಮಾಡಿ, ತನ್ನ ತಮ್ಮನ ಮಂಡಿನೋವಿಗೆ ಬಂದು, ಅಲ್ಲಿಂದ ಕರೆಂಟಿನವರ ಸೋಮಾರಿತನಕ್ಕೆ ಇಳಿದಳು. ನಾನು ಮಂಡಿನೋವಿನ ಹತ್ತಿರವೇ ಎದ್ದು ವರಾಂಡಕ್ಕೆ ಹೋಗಿದ್ದೆ. ಅವಳ ಕೊನೆಯ ವಾಕ್ಯ, ‘ನಾನು ಸ್ನಾನಕ್ಕೆ ಹೋಗ್ತೀನಿ, ಒಲೆ ಮೇಲಿರೋ ಹಾಲು ನೋಡ್ಕೊಳ್ಳಿ’ ಎಂದಿತ್ತಂತೆ. ಲೀಟರು ಹಾಲು ಒಲೆಯ ಪಾಲಾಯಿತು. ‘ಅದನ್ನು ಮೊದಲೇ ಹೇಳಬೇಕಿತ್ತು’ ಎಂದೆ. ‘ನೀವು ಕೊನೇವರೆಗೂ ಕೂತಿರಬೇಕಿತ್ತು’ ಎಂದಳು. ಮೂವತ್ತು ವರ್ಷದ ದಾಂಪತ್ಯದ ತಕರಾರೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ.

ಮನೆಯೊಳಗಿದ್ದ ಈ ತಕರಾರು ಕಳೆದ ವರ್ಷ ಒಂದು ರಾಜಕೀಯ ಪಕ್ಷದ ರಾಜ್ಯ ಸಮಾವೇಶದವರೆಗೆ ಹೋಯಿತು. ಪಕ್ಷದ ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಪ್ರತಿಯೊಂದು ಪಕ್ಷದವರೂ ಇದು ಆ ಇನ್ನೊಬ್ಬರ ಕಥೆ ಎಂದುಕೊಂಡು ಸಂತೋಷದಿಂದ ಓದುತ್ತಾರೆ.

ಆಗ ನಮ್ಮ ಕಡೆ ಹೊಗೆಸೊಪ್ಪಿನ ಹಂಗಾಮು. ಹುಣಸೂರು, ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಸೊಪ್ಪು ಬೇಯಿಸುವ ಬ್ಯಾರನ್ನುಗಳಿಂದ ಹೊಗೆ ಏಳುತ್ತಿತ್ತು. ಒಂದು ಬೆಳಿಗ್ಗೆ ರಹಮತ್ ಸಾಬರು ನಮ್ಮ ಮನೆಗೆ ಬಂದರು. ಅವರು ಪೇಟೆಯಲ್ಲಿ ಮರಗೆಲಸದ ಅಂಗಡಿ ಇಟ್ಟಿರುವವರು; ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರ ಕೈಯವೇ. ಪಕ್ಷದ ತಾಲ್ಲೂಕು ಕಾರ್ಯದರ್ಶಿ ಕೂಡ. ಕಿವಿಯ ಮೇಲೆ ಪೆನ್ಸಿಲು, ಬಗಲಲ್ಲಿ ಅಳತೆ ಟೇಪು ಇಡುವ ಚೀಲ. ಅವರ ಹಿಂದೆ ಒಬ್ಬ ಹೆಂಗಸು, ರಾವಂದೂರು ಕಡೆಯ ಸಾಕಮ್ಮ. ಪಂಚಾಯಿತಿ ಸದಸ್ಯೆ, ಹಂಗಾಮಿನಲ್ಲಿ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುವ ಕೆಲಸ.

ರಹಮತ್ ಸಾಬರು ಚೀಲದಿಂದ ಹದಿನಾಲ್ಕು ಹಾಳೆ ತೆಗೆದರು. ಸಮಾವೇಶದಲ್ಲಿ ಮಂಡಿಸಲು ನಮ್ಮ ನಾಲ್ಕು ತಾಲ್ಲೂಕಿನವರು ಸೇರಿ ಬರೆದ ಒಂಬತ್ತು ನಿರ್ಣಯಗಳು. ‘ರಾಜ್ಯದೋರು ನಾಲ್ಕು ಹಾಳೆಗಿಂತ ಜಾಸ್ತಿ ಅಚ್ಚು ಹಾಕ್ಸಲ್ಲ ಅಂದ್ಬುಟ್ರು ಸಾರ್. ನೀವು ಪೇಪರ್‌ನೋರು, ಕುಯ್ಯೋದ್ರಲ್ಲಿ ನಿಮ್ಮ ಕೈ ಪಳಗಿರೋದು. ಕುಯ್ದು ಕೊಡಿ. ಒಂದು ಮಾತು ನೆನಪಿರ್ಲಿ, ಅಚ್ಚಾಗಿರೋದು ಮಾತ್ರ ಪ್ರಣಾಳಿಕೆ ಸಮಿತಿಗೆ ಹೋಗ್ತದೆ. ಬಾಯಲ್ಲಿ ಹೇಳಿದ್ದು ಪೆಂಡಾಲಲ್ಲೇ ಉಳ್ಕೋತದೆ.’

ವರದಿಗಾರನಾಗಿದ್ದಾಗ ಇಂಥ ಕೆಲಸವನ್ನು ಮುಟ್ಟುತ್ತಿರಲಿಲ್ಲ. ಈಗ ನಿವೃತ್ತ. ‘ನನ್ನ ಹೆಸರು ಎಲ್ಲೂ ಬರಕೂಡದು’ ಎಂಬ ಷರತ್ತು ಹಾಕಿ ಒಪ್ಪಿದೆ. ಒಳಗೆ ಖುಷಿಯೇ ಆಗಿತ್ತು. ಕತ್ತರಿಸಲು ಹದಿನಾಲ್ಕು ಹಾಳೆ ಸಿಕ್ಕಿ ಎಷ್ಟು ಕಾಲವಾಗಿತ್ತು!

ಗಿರಿಜೆ ಕಾಫಿ ತಂದಳು. ಸಾಕಮ್ಮ ಲೋಟ ತೆಗೆದುಕೊಳ್ಳುವ ಮುಂಚೆ ಅಂಗೈ ತೋರಿಸಿದರು. ಕಪ್ಪಗೆ, ಟಾರು ಮೆತ್ತಿದ ಹಾಗಿತ್ತು. ‘ಕೈ ಮುಗಿಯಾಕೂ ಭಯ ಕಣಕ್ಕ. ಅಂಟ್ಕೊಂಡ್ರೆ ಬುಡ್ಸಾಕೆ ಇಬ್ರು ಬೇಕು’ ಎಂದು ನಕ್ಕರು. ಆಮೇಲೆ ನಗು ಇಳಿಯಿತು. ‘ಹಸಿ ಸೊಪ್ಪಿನ ಜಿಡ್ಡು. ಸೋಪಾಕಿ ಉಜ್ಜಿದ್ರೂ ಓಗಾಕಿಲ್ಲ. ಮುದ್ದೆ ಮುರುದ್ರೆ ಮುದ್ದೆನೂ ಬಾಯ್ಗೆ ಕಹಿ. ನಂದು ಬುಡಿ, ಹಳೇ ಕೈ. ನನ್ ಸೊಸೆಗೆ ಈಗ ಐದ್ ತಿಂಗಳ ಕೂಸು. ಸೊಪ್ಪು ಕಟ್ಟಿ ಬಂದು ಎತ್ಕೊಳ್ಳಾಕೆ ಓದ್ರೆ ಮಕ ತಿರುಗಿಸ್ಕೊಂಡು ಅಳ್ತದೆ. ಎತ್ತವ್ವನ ಕೈನೇ ಕೂಸು ಬ್ಯಾಡ ಅಂದ್ರೆ ಅವ್ಳಿಗೆ ಎಂಗಾಗ್ಬೇಡ ಏಳಿ?’

ಆ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗಿನ ವರದಿಗಾರ ನೆಟ್ಟಗೆ ಕುಳಿತ. ಮೊದಲ ಪ್ಯಾರಾ ಸಿಕ್ಕಿತು ಎಂದುಕೊಂಡೆ. ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಕುಳಿತವನಿಗೆ ಆಕೆ ಮುಂದೆ ಹೇಳಿದ್ದು ಕೇಳಿಸಲಿಲ್ಲ. ಗಿರಿಜೆಗೆ ಕೇಳಿಸಿತು. ಸಾಕಮ್ಮ ಮುಂದೆ ಹೇಳಿದ್ದು ಇದು: ಮುಂದಿನ ಹಂಗಾಮಿಗೆ ಮುಂಚೆ, ಸೊಪ್ಪು ಕಟ್ಟುವ ಪ್ರತಿ ಹೆಂಗಸಿಗೂ ಕೈಗವಸು ಕೊಡಿಸಬೇಕು, ಅದನ್ನು ಪಕ್ಷ ನಿರ್ಣಯ ಮಾಡಬೇಕು. ಈ ಒಂದು ವಾಕ್ಯವನ್ನು ಹಾಳೆಗೆ ತರಲು ಆಕೆ ಹೋಬಳಿ ಸಭೆ, ತಾಲ್ಲೂಕು ಸಭೆ, ಜಿಲ್ಲಾ ಸಭೆ ಎಂದು ಮೂರು ಕಡೆ ಕೂಲಿ ಬಿಟ್ಟು ಹೋಗಿ ಕುಳಿತಿದ್ದರು.

ಅವರು ಹೋದ ಮೇಲೆ ಕೆಂಪು ಪೆನ್ನು ಹಿಡಿದು ಕುಳಿತೆ. ಪತ್ರಿಕಾ ವರದಿಗೂ ರಾಜಕೀಯ ನಿರ್ಣಯಕ್ಕೂ ಒಂದು ವ್ಯತ್ಯಾಸವಿದೆ. ಇದು ನನಗೆ ಗೊತ್ತಿರಬೇಕಾಗಿತ್ತು. ಇಪ್ಪತ್ತು ವರ್ಷ ಅಂಥ ಸಭೆಗಳ ಮುಂದಿನ ಸಾಲಿನಲ್ಲಿ ಕುಳಿತವನು ನಾನು. ನಿರ್ಣಯದಲ್ಲಿ ಮೊದಲಿಗೆ ಪರಿಸ್ಥಿತಿಯ ವರ್ಣನೆ, ನಂತರ ವಿಷಾದ, ನಂತರ ಕಳವಳ. ಏನು ಬೇಕು ಎಂಬುದು ಕಟ್ಟಕಡೆಗೆ, ‘ಆದ್ದರಿಂದ ಈ ಸಮಾವೇಶವು’ ಎಂದು ಶುರುವಾಗುವ ಪ್ಯಾರಾದಲ್ಲಿ. ಒಂಬತ್ತೂ ನಿರ್ಣಯಗಳ ಕೊನೆಗೆ ಒಂದೇ ಪದದಿಂದ ಶುರುವಾಗುವ ಒಂಬತ್ತು ಪ್ಯಾರಾ ಕಂಡಾಗ ಇದು ‘ವಂದಿಸಿದರು’ ಜಾತಿಯ ಪ್ಯಾರಾ ಎಂದು ನನ್ನ ಪೆನ್ನು ತೀರ್ಮಾನಿಸಿತು. ನಾನು ತಡೆಯಲಿಲ್ಲ. ಒಂಬತ್ತು ಗೀಟು ಎಳೆದೆ. ಉಳಿದದ್ದನ್ನು ತಿದ್ದಿ ತೀಡಿ, ಸಾಕಮ್ಮನ ನಿರ್ಣಯಕ್ಕೆ ಆ ಕೂಸನ್ನು ಮೊದಲ ಸಾಲಿಗೇ ತಂದು, ಕೊನೆಗೆ ಅಚ್ಚುಕಟ್ಟಾಗಿ ಒಂದು ಪೂರ್ಣವಿರಾಮ ಇಟ್ಟೆ. ಸರಿಯಾಗಿ ನಾಲ್ಕು ಹಾಳೆ. ಅಂದು ಮಧ್ಯಾಹ್ನ ನನಗೆ ಒಳ್ಳೆಯ ನಿದ್ದೆ ಬಂತು.

ರಹಮತ್ ಸಾಬರು ಮೊದಲ ಹಾಳೆ ಓದಿ, ‘ವಾಹ್, ಹಲಗೆಗೆ ರಂದ ಹೊಡೆದಂಗೈತೆ’ ಎಂದು ಮೆಚ್ಚಿ ಜಿಲ್ಲೆಗೆ ಕಳಿಸಿದರು. ಜಿಲ್ಲಾ ಅಧ್ಯಕ್ಷರು ತಮ್ಮ ಹೆಸರು ಮೇಲಿದೆಯೇ ಎಂದು ನೋಡಿ ಅಚ್ಚಿಗೆ ಕಳಿಸಿದರು. ನಾಲ್ಕು ಹಾಳೆ ಅಷ್ಟು ಕೈ ದಾಟಿದರೂ ಒಬ್ಬರಿಗೂ ಏನೂ ಅನಿಸಲಿಲ್ಲ. ಇದನ್ನು ನನ್ನ ಸಮರ್ಥನೆಗಾಗಿ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ.

ಸಮಾವೇಶ ಮೈಸೂರಿನ ಹೊರಗಿನ ಒಂದು ಮೈದಾನದಲ್ಲಿ ನಡೆಯಿತು. ಸಾಕಮ್ಮ ಫೋನು ಮಾಡಿ, ‘ಅಕ್ಕ, ನಾನು ಮೈಕಲ್ಲಿ ಓದ್ತೀನಿ, ನೀವು ಬರ್ಲೇಬೇಕು’ ಎಂದು ಗಿರಿಜೆಯನ್ನು ಕರೆದಿದ್ದರಿಂದ ನಾವಿಬ್ಬರೂ ಹೋದೆವು. ಮೊದಲ ನಿರ್ಣಯವನ್ನು ಎಚ್.ಡಿ. ಕೋಟೆಯ ಪ್ರತಿನಿಧಿಯೊಬ್ಬರು ಓದಿದರು. ಕಾಕನಕೋಟೆ ಕಾಡಂಚಿನ ಹೊಲಗಳಿಗೆ ಆನೆಗಳು ಇಳಿಯುವ ಬಗೆಯನ್ನು ನಾನು ಚೆನ್ನಾಗಿಯೇ ತಿದ್ದಿದ್ದೆ. ‘ಇದನ್ನು ಈ ಸಮಾವೇಶವು ಅತ್ಯಂತ ಕಳವಳದಿಂದ ಗಮನಿಸಿದೆ’ ಎಂದು ಮುಗಿಯಿತು. ಚಪ್ಪಾಳೆ. ಸರ್ವಾನುಮತದಿಂದ ಅಂಗೀಕಾರ. ಎರಡನೆಯದು ಕೃಷ್ಣರಾಜನಗರದ್ದು: ನಾಲೆಯ ನೀರು ಮೇಲಿನವರ ಗದ್ದೆಗೆ ಹರಿಯುತ್ತದೆ, ಕೊನೆಯ ಭಾಗದ ಗದ್ದೆಗಳಿಗೆ ತಲುಪುವುದಿಲ್ಲ. ಚಪ್ಪಾಳೆ. ಅಂಗೀಕಾರ.

ಗಿರಿಜೆ ನನ್ನ ಮೊಣಕೈ ತಿವಿದಳು. ‘ರೀ, ನೀರು ತಲುಪೋದಿಲ್ಲ ಅಂದ್ರು, ಸರಿ. ಏನು ಮಾಡಬೇಕು ಅಂತ ಹೇಳಲೇ ಇಲ್ವಲ್ಲ?’

‘ಹೇಳಿರ್ತಾರೆ’ ಎಂದೆ.

‘ಇಲ್ಲ. ನಾನು ಕೊನೇವರೆಗೂ ಕೇಳಿದೆ.’

ಕೈಯಲ್ಲಿದ್ದ ಅಚ್ಚಿನ ಹಾಳೆ ತಿರುಗಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಠ್ಯವನ್ನು ಕೊನೆಯಿಂದ ಓದಲು ತೊಡಗಿದೆ. ಒಂಬತ್ತು ನಿರ್ಣಯಗಳಲ್ಲಿ ಒಂದೂ ಏನನ್ನೂ ಕೇಳುತ್ತಿರಲಿಲ್ಲ. ಎಲ್ಲವೂ ಕಳವಳಗೊಂಡು ಸುಮ್ಮನಾಗುತ್ತಿದ್ದವು. ‘ನಾಲೆಯ ಕೊನೆಗೆ ನೀರಿಲ್ಲ ಅಂತ ಬರೆದ ನಿರ್ಣಯಕ್ಕೇ ಕೊನೆ ಇಲ್ಲದ ಹಾಗೆ ಮಾಡಿದ್ದೀರಲ್ಲ’ ಎಂದಳು ಗಿರಿಜೆ. ಒಂಬತ್ತನೆಯದು ಸಾಕಮ್ಮನದು. ಅದರಲ್ಲಿ ಕಪ್ಪು ಕೈ ಇತ್ತು, ಕೂಸಿತ್ತು, ಅಳುವಿತ್ತು. ಕೈಗವಸು ಇರಲಿಲ್ಲ.

ಎದ್ದು ನಿಂತು ಹೇಳಿಬಿಡಬಹುದಾಗಿತ್ತು. ಆದರೆ ಮೂವತ್ತು ವರ್ಷದಲ್ಲಿ ಒಂದು ಸಭೆಯಲ್ಲೂ ನಾನು ಬಾಯಿ ತೆರೆದವನಲ್ಲ. ವರದಿಗಾರನ ಕುರ್ಚಿ ಕೂರುವುದಕ್ಕಿರುವುದು. ತಪ್ಪಾದರೆ ನಾವು ಮರುದಿನ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಪ್ರಕಟಿಸಿ ಮುಗಿಸುತ್ತೇವೆ. ಇಲ್ಲಿ ಮರುದಿನವೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಒಂದು ಚೀಟಿ ಬರೆದೆ: ‘ನಿರ್ಣಯಗಳ ಕೊನೆಯ ಭಾಗ ಬಿಟ್ಟುಹೋಗಿದೆ. ದಯವಿಟ್ಟು ನಿಲ್ಲಿಸಿ.’ ಚೀಟಿ ಐದಾರು ಕೈ ದಾಟಿ ವೇದಿಕೆ ತಲುಪಿತು. ಸಮಾವೇಶದ ಅಧ್ಯಕ್ಷರು ಅದನ್ನು ಬಿಡಿಸಿದರು; ಬಿಡಿಸಿದಾಗ ಕಂಡದ್ದು ಕೊನೆಯ ಪದ ಮಾತ್ರ ಎಂದು ಕಾಣುತ್ತದೆ. ವೇದಿಕೆಗೆ ಬರುವ ಚೀಟಿಗಳೆಲ್ಲ ಭಾಷಣ ನಿಲ್ಲಿಸಿ ಎಂದೇ ಹೇಳುತ್ತವೆ. ಅವರು ಮೈಕು ಹಿಡಿದು, ‘ಊಟಕ್ಕೆ ಹೊತ್ತಾಯ್ತು ಅಂತ ಚೀಟಿ ಬಂದಿದೆ, ಬೇಗ ಬೇಗ ಓದಿ’ ಎಂದರು. ಮೂರರಿಂದ ಎಂಟರವರೆಗಿನ ನಿರ್ಣಯಗಳು ಹತ್ತೇ ನಿಮಿಷದಲ್ಲಿ ಸರ್ವಾನುಮತದಿಂದ ಪಾಸಾದವು. ನನ್ನ ಚೀಟಿಗೆ ಅಷ್ಟು ಶಕ್ತಿ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಸಾಕಮ್ಮ ಮೈಕಿನ ಮುಂದೆ ಬಂದರು. ಅಕ್ಷರಕ್ಕೆ ಅಕ್ಷರ ಕೂಡಿಸಿ ನಿಧಾನವಾಗಿ ಓದಿದರು. ಕೂಸು ಮುಖ ತಿರುಗಿಸುವ ಸಾಲಿಗೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮಾಜಿ ಶಾಸಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಬರವಣಿಗೆ ಅಷ್ಟು ಕೆಟ್ಟದಾಗಿರಲಿಲ್ಲ ಎಂದು ಆ ಸಂಕಟದಲ್ಲೂ ಒಂದು ಕ್ಷಣ ಅನಿಸಿತು. ನಾಚಿಕೆಯಾಗುತ್ತದೆ, ಆದರೆ ಅನಿಸಿತು. ಅಧ್ಯಕ್ಷರು ‘ಅಂಗೀಕರಿಸೋಣ’ ಎಂದರು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಬಿತ್ತು.

‘ತಡೀರಿ, ತಡೀರಿ’ ಎಂದರು ಸಾಕಮ್ಮ. ‘ಯಾತುಕ್ಕೆ ಚಪ್ಪಾಳೆ ಒಡೀತಿದ್ದೀರಿ? ನಾನಿನ್ನೂ ಏನೂ ಕೇಳೇ ಇಲ್ವಲ್ಲ!’

ಹಾಳೆಯ ಹಿಂಬದಿ ತಿರುಗಿಸಿ ನೋಡಿದರು. ಖಾಲಿ. ‘ಇಲ್ಲಿ ನನ್ ಕೈಗವಸು ಇತ್ತು. ಯಾರ್ ತಗೊಂಡ್ರಿ?’

ಜನ ನಕ್ಕರು. ಆಕೆ ನಗಲಿಲ್ಲ. ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಹುಡುಕುವವರ ಹಾಗೆ ಸಭೆಯ ಕಡೆ ನೋಡುತ್ತಾ ನಿಂತರು. ‘ಇದಕ್ಕಾಗಿ ಮೂರು ಸಭೆಗೆ ಕೂಲಿ ಬಿಟ್ಟು ಹೋಗಿದ್ರು ಅವರು’ ಎಂದಳು ಗಿರಿಜೆ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ‘ನಾನು ತೆಗೆದೆ’ ಎಂದೆ. ‘ಒಂಬತ್ತರದ್ದೂ ತೆಗೆದಿದ್ದೇನೆ.’

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ‘ಯಾರ್ರೀ ಅದು? ವಿರೋಧ ಪಕ್ಷದೋರಾ?’

‘ಅಲ್ಲ ಸಾರ್, ಪೇಪರ್‌ನೋರು’ ಎಂದರು ವೇದಿಕೆಯ ಮೇಲಿದ್ದ ರಹಮತ್ ಸಾಬರು.

‘ಎರಡೂ ಒಂದೇ’ ಎಂದರು ಅಧ್ಯಕ್ಷರು.

ರಹಮತ್ ಸಾಬರು ನನ್ನನ್ನೂ ಹಾಳೆಯನ್ನೂ ಒಂದೊಂದು ಸಲ ನೋಡಿದರು. ‘ಬಾಗ್ಲು ಉದ್ದ ಆಯ್ತು, ಸ್ವಲ್ಪ ಕುಯ್ರಿ ಅಂದ್ರೆ ಚಿಲಕ ಇರೋ ಕಡೇನೇ ಕುಯ್ದ್ಬುಟ್ಟಿದ್ದೀರಲ್ಲ ಸಾರ್!’ ಎಂದರು. ಮೈಕು ಹತ್ತಿರವೇ ಇದ್ದದ್ದರಿಂದ ಇಡೀ ಪೆಂಡಾಲಿಗೆ ಕೇಳಿಸಿತು. ಆದರೆ ಮರಗೆಲಸದವರು ತುಂಡು ಬಿಸಾಡುವುದಿಲ್ಲ. ಅವರ ಚೀಲದಲ್ಲಿ, ಅಳತೆ ಟೇಪಿನ ಕೆಳಗೆ, ಹಳೆಯ ಹದಿನಾಲ್ಕು ಹಾಳೆ ಹಾಗೆಯೇ ಇತ್ತು.

ಊಟದ ನಂತರ ಒಂಬತ್ತು ‘ಆದ್ದರಿಂದ’ಗಳನ್ನು ಒಂದೊಂದಾಗಿ ಓದಬೇಕಾಯಿತು. ನನ್ನ ವೃತ್ತಿಜೀವನದಲ್ಲಿ ಎಂದೂ ಕಂಡಿರದ ದೃಶ್ಯವನ್ನು ನಾನು ಆಗ ಕಂಡೆ: ಒಂದು ರಾಜಕೀಯ ಸಮಾವೇಶದಲ್ಲಿ ಜನ ನಿರ್ಣಯಗಳ ಬಗ್ಗೆ ಮಾತಾಡಿದರು. ಬೆಳಿಗ್ಗೆ ಸರ್ವಾನುಮತ ಇದ್ದದ್ದು ಯಾರೂ ಏನೂ ಕೇಳದ ಕಾರಣಕ್ಕೆ. ಈಗ ಕೇಳತೊಡಗಿದ ಕೂಡಲೇ ಜಗಳ ಶುರುವಾಯಿತು. ನಾಲೆಯ ಮೇಲ್ಭಾಗದವರು ಎದ್ದರು, ಕೆಳಭಾಗದವರೂ ಎದ್ದರು. ಆನೆ ಕಂದಕ ಅಗೆಯಬೇಕೋ ಬೇಲಿ ಹಾಕಬೇಕೋ ಎಂದು ಎಚ್.ಡಿ. ಕೋಟೆಯ ಇಬ್ಬರು ಪ್ರತಿನಿಧಿಗಳು ಎಲೆಯಡಿಕೆ ಉಗುಳಿ ಬಂದು ವಾದಿಸಿದರು. ಯಾರೂ ತೂಕಡಿಸಲಿಲ್ಲ.

ಕೈಗವಸಿನ ಸರದಿ ಬಂದಾಗ ಬ್ಯಾರನ್ನು ಇಟ್ಟಿರುವ ಒಬ್ಬರು ಎದ್ದು, ‘ಕೈಗವಸು ಹಾಕ್ಕೊಂಡ್ರೆ ಕೆಲಸ ನಿಧಾನ ಆಯ್ತದೆ ಕಣಮ್ಮ, ದಾರ ಕೈಗೆ ಸಿಗಾಕಿಲ್ಲ’ ಎಂದರು.

‘ಅದ್ಕೇ ನಾನು ಕಟ್ಟಿ ನೋಡ್ಕೊಂಡೇ ಬಂದಿರೋದು’ ಎಂದರು ಸಾಕಮ್ಮ. ‘ರಬ್ಬರಿಂದು ಬ್ಯಾಡ, ಬೆವರ್ತದೆ. ಬಟ್ಟೇದು ಮಾಡ್ಸಿ. ಬಲಗೈ ಎಬ್ಬೆಟ್ಟು, ಅದರ ಪಕ್ಕದ ಬೆಳ್ಳು, ಎರಡರ ತುದಿ ತೆಗೆದಿಡಿ, ದಾರ ಸಿಕ್ತದೆ. ಎಲ್ಡು ಬೆಳ್ಳು ಕಪ್ಪಾಗ್ಲಿ ಬುಡಿ. ಎಂಟು ಉಳೀತವಲ್ಲ.’

ಬ್ಯಾರನ್ನಿನವರು ಸ್ವಲ್ಪ ಯೋಚಿಸಿ, ‘ಅಂಗಾದ್ರೆ ಆಗ್ಬೋದು’ ಎಂದು ಕುಳಿತರು. ನಾನು ಅಭ್ಯಾಸಬಲದಿಂದ ಜೇಬಿನ ನೋಟುಪುಸ್ತಕಕ್ಕೆ ಇದನ್ನು ಬರೆದುಕೊಂಡೆ.

ಕೈ ಎತ್ತಿ ಮತ ಹಾಕುವಾಗ ಸಾಕಮ್ಮ ಎರಡೂ ಕೈ ಎತ್ತಿದರು. ಎಣಿಸುತ್ತಿದ್ದವರು, ‘ಒಂದೇ ಕೈ ಎತ್ಬೇಕಮ್ಮ’ ಎಂದರು.

‘ಒಂದು ನಂದು, ಇನ್ನೊಂದು ನನ್ ಸೊಸೇದು. ಅವಳು ಸೊಪ್ಪು ಕಟ್ತಾ ಕೂತವ್ಳೆ, ಬರಾಕಾಗ್ಲಿಲ್ಲ.’

ಎಣಿಸುವವರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಪೆಂಡಾಲಿನ ಚಾವಣಿ ನೋಡಿದರು. ಎರಡೂ ಎಣಿಕೆಗೆ ಬಂದವು ಎಂದು ನನ್ನ ನಂಬಿಕೆ. ಒಂಬತ್ತೂ ನಿರ್ಣಯಗಳನ್ನು ಬಾಲದ ಸಮೇತ ಮತ್ತೆ ಅಚ್ಚು ಹಾಕಿಸಿದರು. ಐದು ಹಾಳೆ ಆಯಿತು. ಹದಿನಾಲ್ಕರಿಂದ ಐದಕ್ಕೆ ಇಳಿಸಿದ್ದು ಕೂಡ ಸಣ್ಣ ಕೆಲಸವಲ್ಲ ಎಂದು ಯಾರಾದರೂ ಹೇಳಬಹುದೆಂದು ಕಾದೆ. ಯಾರೂ ಹೇಳಲಿಲ್ಲ.

ನಿರ್ಣಯ ಈಗ ಪ್ರಣಾಳಿಕೆ ಸಮಿತಿಯ ಮುಂದಿದೆ. ಸಮಿತಿಗಳ ಮುಂದೆ ಇರುವ ವಸ್ತುಗಳು ಬಹಳ ಕಾಲ ಅಲ್ಲಿಯೇ ಇರುತ್ತವೆಂದು ಅನುಭವದಿಂದ ಬಲ್ಲೆ. ಆದರೂ ಅಚ್ಚಾದ ಹಾಳೆ ಎಂಬುದು ಸುಮ್ಮನೆ ಸಾಯುವ ಪ್ರಾಣಿಯಲ್ಲ. ರಹಮತ್ ಸಾಬರ ಹೆಂಡತಿ ನಸೀಮಾ ಹೊಲಿಗೆಯವರು. ಸಮಾವೇಶ ಮುಗಿದ ವಾರವೇ ನನ್ನ ನೋಟುಪುಸ್ತಕ ತರಿಸಿಕೊಂಡು, ಅದರಲ್ಲಿದ್ದ ಪ್ರಕಾರ ದಪ್ಪ ಕಾಟನ್ ಬಟ್ಟೆಯಲ್ಲಿ ಎಂಟು ಜೊತೆ ಹೊಲಿದರು. ಮೊದಲ ಸಲ ಮಣಿಕಟ್ಟು ಬಿಗಿಯಾಯಿತು, ಎರಡನೇ ಸಲ ಸಡಿಲವಾಯಿತು, ಮೂರನೇ ಸಲ ಸರಿಹೋಯಿತು. ಹಂಗಾಮಿನ ಕೊನೆಯ ಸೊಪ್ಪು ಮುರಿಯುವಾಗ ಸಾಕಮ್ಮ ದುಡಿಯುವ ಬ್ಯಾರನ್ನಿನ ಮುಂದೆ ಎಂಟು ಹೆಂಗಸರು ಅವನ್ನು ಹಾಕಿಕೊಂಡೇ ಕಟ್ಟಿದರಂತೆ. ಈಗ ಪಕ್ಕದ ಬ್ಯಾರನ್ನಿನವರೂ ನಸೀಮಾ ಅವರಿಗೆ ಅಳತೆ ಕೊಟ್ಟಿದ್ದಾರೆ. ಸಾಕಮ್ಮ ಫೋನು ಮಾಡಿ ಗಿರಿಜೆಗೆ ಹೇಳಿದರು: ‘ಕೂಸು ಈಗ ಅವ್ವನ ಕೈ ಚೀಪ್ತದೆ ಕಣಕ್ಕ. ಆ ಎಲ್ಡು ಬೆಳ್ಳು ಬುಟ್ಟು.’

ನಾನೂ ಸುಧಾರಿಸಿದ್ದೇನೆ. ಕೆಂಪು ಪೆನ್ನನ್ನು ರಹಮತ್ ಸಾಬರಿಗೆ ಕೊಟ್ಟೆ. ಈಗ ಅವರ ಒಂದು ಕಿವಿಯ ಮೇಲೆ ಪೆನ್ಸಿಲು, ಇನ್ನೊಂದರ ಮೇಲೆ ಅದು. ಆಮಂತ್ರಣಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಗಿರಿಜೆ ಮಾತು ಶುರುವಿಟ್ಟುಕೊಂಡರೆ ಪೂರ್ತಿ ಮುಗಿಯುವವರೆಗೆ ಕದಲದೆ ಕೂರುತ್ತೇನೆ. ಇವತ್ತು ಬೆಳಿಗ್ಗೆ ಈ ಬರಹವನ್ನು ಓದಲು ಕೊಟ್ಟೆ. ಓದಿ, ಕನ್ನಡಕ ತೆಗೆದು, ವರಾಂಡದಲ್ಲಿ ನನ್ನೆದುರು ಕುಳಿತು ಅಭಿಪ್ರಾಯ ಹೇಳತೊಡಗಿದಳು. ಮೊದಲ ಪ್ಯಾರಾ ಅನಗತ್ಯ ಎಂದಳು. ತನ್ನ ತಮ್ಮನ ಮಂಡಿನೋವನ್ನು ಊರಿಗೆಲ್ಲ ಸಾರುವ ಅಗತ್ಯವಿರಲಿಲ್ಲ ಎಂದಳು. ಮಂಡಿಗೆ ಅವನು ಈಗ ಹಚ್ಚುತ್ತಿರುವ ಎಣ್ಣೆ, ಆ ಎಣ್ಣೆ ಕಾಯಿಸುವ ಪಿರಿಯಾಪಟ್ಟಣದ ಪಂಡಿತರು, ಆ ಪಂಡಿತರ ಮಗಳ ಮದುವೆ, ಎಲ್ಲವನ್ನೂ ದಾಟಿ ಬಂದಳು. ನಾನು ಒಂದು ಪ್ಯಾರಾವನ್ನೂ ಬಿಡದೆ, ನಡುವೆ ಬಾಯಿ ಹಾಕದೆ, ಹೊಸದಾಗಿ ದೀಕ್ಷೆ ಪಡೆದವನ ಶ್ರದ್ಧೆಯಿಂದ ಕೇಳಿದೆ. ಕೊನೆಗೂ ಕೊನೆಯ ವಾಕ್ಯ ಬಂತು.

‘ಅದೆಲ್ಲ ಇರಲಿ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ. ನಾನು ಮಾತಾಡ್ತಾ ಇದ್ರೆ ಎದ್ದು ಹೋಗೋದು ನಿಮ್ಮ ಅಭ್ಯಾಸ ಅಲ್ವಾ, ಹೋಗಿ ನೋಡ್ಕೋತೀರಿ ಅಂದ್ಕೊಂಡೆ.’